ಮಸಿ ಕೈಯ ತಮ್ಮನಿಗೆ

ಮೊನ್ನೆ ಸಂಜೆ ವಿಜಯಪುರದ ಗಾಂಧಿ ಚೌಕದ ಬಳಿ, ಕಂಪ್ಯೂಟರ್ ರಿಪೇರಿ ಅಂಗಡಿಯೊಂದಕ್ಕೆ ಲ್ಯಾಪ್‌ಟಾಪ್ ಅವುಚಿಕೊಂಡು ಹೋದವಳು ನಾನು. ಬರಹದ ಆವೃತ್ತಿಗಳನ್ನು ಕಾದಿಡುವ ಗಿಟ್ ತಂತ್ರಾಂಶಕ್ಕೆ, ಗೋಳಗುಮ್ಮಟದ ಭಾರೀ ಗಾತ್ರದ ಚಿತ್ರಗಳಿಗೆಂದು ಹಾಕಿಕೊಂಡಿದ್ದ, ದೊಡ್ಡ ಕಡತ ನಿಭಾಯಿಸುವ ಜೋಡಣೆ ಗಿಟ್ ಎಲ್‌ಎಫ್‌ಎಸ್ ಇನ್ನು ಬೇಡವೆಂದು ಉಬುಂಟು ಕಾರ್ಯವ್ಯವಸ್ಥೆಯಲ್ಲಿ, ತಂತ್ರಾಂಶ ಹಾಕಿ ತೆಗೆಯುವ ಆಪ್ಟ್ ಮೂಲಕ ಕಿತ್ತುಹಾಕಿದ್ದೆ. ಅಲ್ಲಿಂದ ಹಳೆಯ ಬ್ರ್ಯಾಂಚ್ (ಬರಹದ ಬೇರೊಂದು ಕವಲು) ತೆರೆಯಲು ಹೋದರೆ ಎಲ್‌ಎಫ್‌ಎಸ್‌ನ ಫಿಲ್ಟರ್ ವಿಫಲವಾಯಿತೆಂಬ ಒಂದೇ ರಗಳೆ. ಬರಹವೆಲ್ಲ ಅದರಲ್ಲೇ ಇತ್ತು, ಬೆಳಿಗ್ಗೆ ಒಪ್ಪಿಸಬೇಕಿತ್ತು.

ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದ ಹುಡುಗ ಎದ್ದು ಬಂದ. "ನನ್ನ ಕೈ ಮಸಿಯಾಗಿದೆ ಅಕ್ಕಾ, ನೀವೇ ಟೈಪ್ ಮಾಡಿರಿ" ಎಂದು ಬೆರಳನ್ನು ಪರದೆಗೆ ತಾಗಿಸದೆ ದೂರದಿಂದಲೇ ತೋರಿಸಿದ. ಗಿಟ್‌ನ ಸಂರಚನಾ (ಸೆಟ್ಟಿಂಗ್) ಕಡತದಲ್ಲಿ ಎಲ್‌ಎಫ್‌ಎಸ್ ಸಾಲುಗಳು ಹಾಗೇ ಕುಳಿತಿದ್ದವು. "ಬಾಡಿಗೆದಾರ ಹೋದ, ಬಾಗಿಲ ಮೇಲಿನ ಹೆಸರು ಉಳಿಯಿತು" ಎಂದು ನಕ್ಕ. ಕಿತ್ತುಹಾಕಿದ್ದ ಪ್ಯಾಕೇಜನ್ನು ಮತ್ತೆ ಹಾಕಿಸಿ, ಸರಿಯಾದ ಕ್ರಮದಲ್ಲಿ ತೆಗೆಸಿದ. ಮೊದಲು ಆ ಸಾಲುಗಳನ್ನು ಅಳಿಸುವ 'ಗಿಟ್ ಎಲ್‌ಎಫ್‌ಎಸ್ ಅನ್‌ಇನ್‌ಸ್ಟಾಲ್', ಆಮೇಲೆ ಪ್ಯಾಕೇಜನ್ನೇ ತೆಗೆಯುವ 'ಆಪ್ಟ್ ರಿಮೂವ್'. ನಾನು ಮಾಡಿದ್ದು ಎರಡನೆಯದನ್ನು ಮಾತ್ರ!

ಬ್ರ್ಯಾಂಚ್ ತೆರೆಯಿತು. ಚಿತ್ರಗಳ ಜಾಗದಲ್ಲಿ ಅವನ್ನು ಸೂಚಿಸುವ ಮೂರು ಸಾಲಿನ ಗುರುತು ಮಾತ್ರ ಇತ್ತು, ಇರಲಿ. ಬರಹ ಪೂರ್ತಿ ಇತ್ತು. ಎಷ್ಟೋ ಹೊತ್ತಿನಿಂದ ಬಿಗಿಹಿಡಿದಿದ್ದ ಉಸಿರು ಆಗ ಹೊರಬಿತ್ತು.

ಪರ್ಸ್ ತೆಗೆದೆ. ಅವನು ಆಗಲೇ ಪ್ರಿಂಟರಿನ ಮುಂದೆ ಕೂತಿದ್ದ. "ಟೈಪ್ ಮಾಡಿದ್ದು ನೀವಲ್ಲವೇ?" ಎಂದ. ಹೆಸರು ಕೇಳುವುದನ್ನೇ ಮರೆತೆ. ಧನ್ಯವಾದ, ತಮ್ಮಾ.