ಆಟಿಸಂ ಇರುವ ಮಕ್ಕಳ ಹೆತ್ತವರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ಇಲ್ಲಿ ಥೆರಪಿ, ಶಾಲೆ, ಪ್ರಮಾಣಪತ್ರಗಳ ಕುರಿತು ಸಾಕಷ್ಟು ಮಾತುಕತೆ ನಡೆಯುತ್ತದೆಯಾದರೂ, ನಡುರಾತ್ರಿ ಮಗು ನಿದ್ದೆಯಿಲ್ಲದೆ ಓಡಾಡುವಾಗ ಬಾಗಿಲ ಚಿಲಕ ಕಾಯುತ್ತ ಕೂರುವ ತಾಯಿಯ ಮನಸ್ಸಿನ ಬಗ್ಗೆ ಯಾರೂ ಬರೆಯುವುದಿಲ್ಲ. ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಹೆತ್ತವರ ಪ್ರೀತಿಯ ಕೊರತೆಯೇ ಕಾರಣವೆಂಬ ಹಳೆಯ ವಾದವನ್ನು ವೈದ್ಯಲೋಕ ಎಂದೋ ಕೈಬಿಟ್ಟಿದೆ (ಮದುವೆ ಮನೆಗಳಲ್ಲಿ ಮಾತ್ರ ಅದಿನ್ನೂ ಜೀವಂತ). ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ, ಮಗುವಿನ ಮೇಲೆ ಕೈಯೆತ್ತುವಷ್ಟು ಸಿಟ್ಟು ಬರುತ್ತಿದ್ದರೆ, ಬರಿಯ ದಣಿವೆಂದು ಬಿಟ್ಟುಬಿಡದೆ, 2022ರಲ್ಲಿ ಆರಂಭವಾದ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿರಿ. ದಿನದ 24 ಗಂಟೆಯೂ ಉಚಿತವಾಗಿರುವ ಈ ಸೇವೆಯಲ್ಲಿ ಕನ್ನಡವನ್ನೂ ಆರಿಸಿಕೊಳ್ಳಬಹುದಾದ್ದರಿಂದ, ಮಲಯಾಳದಲ್ಲಿ ಮನಸ್ಸು ಬಿಚ್ಚಲು ತಡವರಿಸುವ, ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ ಕಡೆಯ ಕನ್ನಡಿಗರು ಹಿಂಜರಿಯಬೇಕಾಗಿಲ್ಲ. ತಂದೆಯಂದಿರೂ ಈ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಳ್ಳಬೇಕೆಂದು ವಿನಂತಿ.