ಅಪ್ಪನ ಡಾಕ್ಟರಿಗೂ ಕ್ಲಿನಿಕ್ಕಿನವರಿಗೂ ಒಂದು ಥ್ಯಾಂಕ್ಸ್

ಅಪ್ಪ ಹೃದಯದ ಆಪರೇಷನ್ ಮುಗಿಸಿ ಮನೆಗೆ ಬಂದು ಒಂದು ವರ್ಷ ತುಂಬಿತು. ಈಗ ಯಾರ ಕೈಯೂ ಹಿಡಿಯದೆ ಮೆಟ್ಟಿಲು ಹತ್ತುತ್ತಾರೆ. ಆಪರೇಷನ್ ಮಾಡಿದವರಿಗೆ ಆಗಲೇ ಕೈ ಮುಗಿದು ಬಂದಿದ್ದೆವು. ಆದರೆ ಆಮೇಲಿನ ವರ್ಷ ನಿಭಾಯಿಸಿದ್ದು ನಮ್ಮ ಫ್ಯಾಮಿಲಿ ಡಾಕ್ಟರು. ಅವರಿಗೆ ಹೇಳೋದು ಬಾಕಿ ಇತ್ತು.

ಮನೆಗೆ ಬಂದ ಸ್ವಲ್ಪ ದಿನಕ್ಕೇ ಅಪ್ಪನ ಪಾದ ಊದಿಕೊಂಡಿತು. ಎದ್ದು ನಿಂತರೆ ತಲೆಸುತ್ತು. ಮತ್ತೆ ಹೃದಯಕ್ಕೇ ಏನೋ ಆಯ್ತು ಅಂತ ಎಲ್ಲರಿಗೂ ಗಾಬರಿ. "ಈಗಲೇ ಕರ್ಕೊಂಡು ಬನ್ನಿ. ಮನೇಲಿರೋ ಮಾತ್ರೆ ಎಲ್ಲಾ ತನ್ನಿ, ಹಳೇದು ಹೊಸದು ಅಂತ ಬಿಡಬೇಡಿ" ಅಂದರು ಡಾಕ್ಟರು. ಎದೆ ನೋಡಿದರು, ಇಸಿಜಿ ತೆಗೆದರು. ಬಿಪಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಿದರು. ನಿಂತಾಗ ಬಿಪಿ ಸಿಕ್ಕಾಪಟ್ಟೆ ಇಳಿದಿತ್ತು. ಆಮೇಲೆ ಸ್ಟ್ರಿಪ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಕಂಪನಿಯ ದೊಡ್ಡ ಹೆಸರು ಬಿಟ್ಟು, ಒಳಗಿರೋ ಔಷಧಿ ಯಾವುದು ಅಂತ ಬರೆದ ಸಣ್ಣ ಅಕ್ಷರ ಓದುತ್ತಾ ಹೋದರು. ಎರಡು ಬೇರೆ ಬೇರೆ ಬಣ್ಣದ ಸ್ಟ್ರಿಪ್, ಎರಡರಲ್ಲೂ ಬಿಪಿ ಇಳಿಸುವ ಅದೇ ಔಷಧಿ, ಅಮ್ಲೋಡಿಪಿನ್! ಅದು ಜಾಸ್ತಿಯಾದರೆ ಪಾದ ಊದೋದೂ ಉಂಟು. ಒಂದು ಅವರೇ ಹಿಂದೆ ಬರೆದದ್ದು, ಇನ್ನೊಂದು ಡಿಸ್ಚಾರ್ಜ್ ಚೀಟಿಯದ್ದು. ಒಂದನ್ನು ನಿಲ್ಲಿಸಿದರು. ಊತ ಇಳಿಯಿತು, ತಲೆಸುತ್ತೂ ಹೋಯಿತು. ಅಪ್ಪನ ಹಳೇ ಮಾತ್ರೆ ಗೊತ್ತಿಲ್ಲದವರು ಊತಕ್ಕೆ ಅಂತ ಇನ್ನೊಂದು ಮಾತ್ರೆ ಸೇರಿಸುತ್ತಿದ್ದರೇನೋ.

ನಾರ್ವೆಯ 2022ರ ಒಂದು ಅಧ್ಯಯನದಲ್ಲಿ, ಒಬ್ಬರೇ ಡಾಕ್ಟರ ಹತ್ತಿರ 15 ವರ್ಷಕ್ಕಿಂತ ಜಾಸ್ತಿ ಇದ್ದವರಲ್ಲಿ ತುರ್ತಾಗಿ ಆಸ್ಪತ್ರೆ ಸೇರೋದು, ಸಾವು, ಎರಡೂ ಒಂದೇ ವರ್ಷ ಇದ್ದವರಿಗಿಂತ ಸುಮಾರು ಕಾಲು ಭಾಗ ಕಡಿಮೆ ಇತ್ತಂತೆ. ಕಾರಣ ಅದೊಂದೇ ಅಂತ ಹೇಳೋಕಾಗಲ್ಲ. ಆದರೂ ನನಗೇನೂ ಆಶ್ಚರ್ಯ ಆಗಲಿಲ್ಲ.

ಡಾಕ್ಟರು ಎಷ್ಟೇ ಒಳ್ಳೆಯವರಾದರೂ ಸಿಗದಿದ್ದರೆ ಏನು ಪ್ರಯೋಜನ, ಅಲ್ವಾ? ಅದಕ್ಕೇ ರಿಸೆಪ್ಷನ್ ಮೇಡಂಗೆ ದೊಡ್ಡ ಥ್ಯಾಂಕ್ಸ್. ಅಲ್ಲಿ ದಿನಾ ಕೆಲವು ಅಪಾಯಿಂಟ್‌ಮೆಂಟ್ ಖಾಲಿ ಬಿಟ್ಟಿರುತ್ತಾರೆ, ಅವತ್ತೇ ಫೋನ್ ಮಾಡಿದವರಿಗೆ. "ಇವತ್ತೇ ನೋಡಬೇಕಾ, ಇಲ್ಲ ನಿಮ್ಮ ಡಾಕ್ಟರೇ ನೋಡಬೇಕಾ?" ಅಂತ ಮೇಡಂ ಮೊದಲೇ ಕೇಳುತ್ತಾರೆ. ಜ್ವರ, ಕೆಮ್ಮಿಗೆ ಯಾರಾದರೂ ಸರಿ. ಬಿಪಿ ಮಾತ್ರೆ ಬದಲಿಸೋದಾದರೆ ಎರಡು ದಿನ ಕಾದರೂ ನಮ್ಮವರೇ ಆಗಬೇಕು. ಎರಡೂ ಒಟ್ಟಿಗೆ ಸಿಗೋದು ಕಷ್ಟ. ಆ ಹಗ್ಗಜಗ್ಗಾಟವನ್ನು ಫೋನಲ್ಲೇ ಬಗೆಹರಿಸುವವರು ಅವರು.

ನಮ್ಮ ಡಾಕ್ಟರು ರಜೆಯಲ್ಲಿದ್ದಾಗ ನೋಡಿದ ಕಿರಿಯ ಡಾಕ್ಟರಿಗೂ ಧನ್ಯವಾದ. ಅಪ್ಪನನ್ನು ನೋಡಿದ್ದೇ ಮೊದಲ ಸಲ. ಆದರೂ "ಮಾತ್ರೆ ಡಬಲ್ ಆಗಿತ್ತಲ್ವಾ ನಿಮಗೆ?" ಅಂತಲೇ ಮಾತು ಶುರು ಮಾಡಿದರು, ಫೈಲ್ ಓದಿಕೊಂಡೇ ಕೂತಿದ್ದರು. ಅಪ್ಪನಿಗೆ ಮೊದಲಿಂದ ಕಥೆ ಹೇಳುವ ಕೆಲಸ ತಪ್ಪಿತು. ಅವರಂತೂ ಪೂರ್ತಿ ಹೇಳಿಯೇ ಬಂದರು, ಅದು ಬೇರೆ ಮಾತು.