ಕುಡಗೋಲು ಕಣ ರೋಗ: ಹದಿನೆಂಟರ ನಂತರದ ಆರೈಕೆ

ಮಾನ್ಯ ಸಂಪಾದಕರೇ,

ಕುಡಗೋಲು ಕಣ ರೋಗ (ಸಿಕಲ್ ಸೆಲ್) ಎಂದರೆ ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ, ವಂಶಪಾರಂಪರ್ಯವಾಗಿ ಬರುವ ಕಾಯಿಲೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ರಕ್ತಹೀನತೆ ನಿರ್ಮೂಲನಾ ಅಭಿಯಾನವು 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಹೊಂದಿದೆ. ರೋಗ ಪತ್ತೆಯಾದ ಮಕ್ಕಳು ದೊಡ್ಡವರಾದ ಮೇಲೆ ಅವರನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಚರ್ಚೆಯಾಗುತ್ತಿಲ್ಲ.

ಮಕ್ಕಳ ವಿಭಾಗವನ್ನು ಬಿಟ್ಟ ಮೊದಲ ಕೆಲವು ವರ್ಷಗಳಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಅಧ್ಯಯನಗಳು ತೋರಿಸಿವೆ. ಅದುವರೆಗೆ ತಾಯಿ ನೆನಪಿಸಿ ಕೊಡುತ್ತಿದ್ದ, ಈ ರೋಗದ ನೋವಿನ ಕಾಟವನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆ, ಅದರ ಜೊತೆಗೆ ತಪ್ಪದೆ ಆಗಬೇಕಾದ ರಕ್ತಕಣಗಳ ಎಣಿಕೆ, ಎರಡೂ ಆ ವಯಸ್ಸಿನಲ್ಲೇ ಕೈತಪ್ಪುತ್ತವೆ. ಸೊಂಟದ ಕೀಲು, ಮೂತ್ರಪಿಂಡಗಳ ತೊಂದರೆ ತಲೆದೋರುವುದೂ ಹೆಚ್ಚಾಗಿ ಆಗಲೇ.

ನಮ್ಮ ಜಿಲ್ಲೆಯಲ್ಲಿ ಇದರ ಅಧ್ಯಯನ ನಡೆಯುವುದಾದರೆ ದೊಡ್ಡ ಸವಾಲು ಸಂಶೋಧನೆಯ ನಿರ್ವಹಣೆಯದೇ. ಯಲ್ಲಾಪುರ, ಹಳಿಯಾಳದ ಕಾಡಂಚಿನ ಊರುಗಳ ಯುವಕರು ಕೆಲಸಕ್ಕೆಂದು ಗೋವಾ, ಹುಬ್ಬಳ್ಳಿಗೆ ಹೋಗಿಬಿಡುತ್ತಾರೆ. ಊರಲ್ಲೇ ಉಳಿದವರನ್ನಷ್ಟೇ ಲೆಕ್ಕ ಹಾಕಿದರೆ ಎಲ್ಲವೂ ಚೆನ್ನಾಗಿರುವಂತೆಯೇ ಕಾಣುತ್ತದೆ. ಕಾಣೆಯಾದವರ ಕಥೆಯೇ ನಿಜವಾದ ಫಲಿತಾಂಶವಲ್ಲವೇ? ಆದ್ದರಿಂದ ಪ್ರತಿ ರೋಗಿಯ ಬೆನ್ನುಹತ್ತಿ ವಿಚಾರಿಸಲು ಗೊತ್ತುಪಡಿಸಿದ ಒಬ್ಬರು ಇರಬೇಕು. ಬಾಲ್ಯದಲ್ಲಿ ಪೋಷಕರು ನೀಡಿದ ಒಪ್ಪಿಗೆಯನ್ನು 18 ತುಂಬಿದ ಮೇಲೆ ರೋಗಿಯಿಂದಲೇ ಮತ್ತೆ, ಕನ್ನಡ ಅಥವಾ ಕೊಂಕಣಿಯಲ್ಲಿ ವಿವರಿಸಿ ಪಡೆಯಬೇಕು. ಮದುವೆಯ ಮಾತುಕತೆಗೆ ಈ ದಾಖಲೆಗಳು ಸೋರಿಹೋಗದಂತೆ, ಇಡೀ ಸಮುದಾಯವೊಂದಕ್ಕೆ ರೋಗದ ಹಣೆಪಟ್ಟಿ ಅಂಟದಂತೆ ಎಚ್ಚರ ವಹಿಸುವುದೂ ಅಗತ್ಯ.

ಕಾರವಾರದ ವೈದ್ಯಕೀಯ ಕಾಲೇಜು ಹಾಗೂ ಜಿಲ್ಲಾ ಆರೋಗ್ಯ ಇಲಾಖೆ ಸೇರಿ, ಮಕ್ಕಳ ವೈದ್ಯರೂ ದೊಡ್ಡವರ ವೈದ್ಯರೂ ಒಟ್ಟಿಗೆ ಕುಳಿತು ನೋಡುವ ತಿಂಗಳ ಚಿಕಿತ್ಸಾಲಯವೊಂದರಿಂದ ಈ ಕೆಲಸವನ್ನು ಆರಂಭಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಶಿಕ್ಷಕ, ಶಿರಸಿ